ಒಬ್ಬರಿಗೆ ಒಂದೇ ಹಾಳೆ

ಹೋದ ತಿಂಗಳು ಕಾಲೇಜಿನ ನಾಲ್ಕು ಮಂದಿ ಟೇಪ್ ರೆಕಾರ್ಡರ್ ಹಿಡಿದುಕೊಂಡು ನಮ್ಮ ಮನೆಗೆ ಬಂದಿದ್ದರು. ಊರಿನ ಹಿರಿಯರ ನೆನಪುಗಳನ್ನು ಕೂಡಿಹಾಕುವ ಕೆಲಸವನ್ನು ಅವರ ಮಾಸ್ತರು ಹಚ್ಚಿದ್ದರಂತೆ. ಯಂತ್ರವನ್ನು ನನ್ನ ಮುಂದಿಟ್ಟು, ಅವರಲ್ಲಿ ಚುರುಕಾಗಿದ್ದ ಒಬ್ಬ ಹುಡುಗಿ, "ಶುರು ಮಾಡ್ರಿ ಅಜ್ಜಾರ. ಆದ್ರ ಒಬ್ಬರಿಗೆ ಒಂದ ಬಾಜು ಅಷ್ಟ. ಕ್ಯಾಸೆಟ್ ಕಮ್ಮಿ ಅದಾವ" ಎಂದಳು.

ಚಹಾ ಕುಡಿಸಿ, ನನಗೆ ನೆನಪಿನ ಶಕ್ತಿ ಕುಂದಿದೆ ಎಂದು ಸುಳ್ಳು ಹೇಳಿ ಕಳಿಸಿದೆ. ಕುಂದಿದ್ದರೆ ಪುಣ್ಯವಂತನಾಗುತ್ತಿದ್ದೆ. ಆ ಮಕ್ಕಳು ಈಗ ಮಾಡುತ್ತಿರುವ ಕೆಲಸವನ್ನು ಅವರು ಹುಟ್ಟುವ ಮೊದಲೇ ನಾನು ಮಾಡಿದ್ದೇನೆ, ಕೆಟ್ಟದಾಗಿ ಮಾಡಿದ್ದೇನೆ. ಅವರಿಗೆ ಬಾಯಿಂದ ಹೇಳಲಾಗದ್ದನ್ನು ಇಲ್ಲಿ ಬರೆದಿಡುತ್ತೇನೆ. ಕಾರಕೂನನಾಗಿ ಸೇರಿ ಶಿರಸ್ತೇದಾರನಾಗಿ ಹೊರಬಿದ್ದೆ ಎನ್ನುವುದನ್ನು ಬಿಟ್ಟರೆ ನನ್ನ ನೌಕರಿಯ ಮಿಕ್ಕ ಏರಿಳಿತ ಯಾರಿಗೂ ಬೇಕಾದದ್ದಲ್ಲ.

ನಾವಿನ್ನೂ ಮುಂಬೈ ಸರಕಾರದ ಕೆಳಗಿದ್ದ ಕಾಲ. ರೋಣದ ಕಚೇರಿಯಲ್ಲಿ ನಾನು ಎಲ್ಲರಿಗಿಂತ ಕಿರಿಯ ಕಾರಕೂನ. ಒಂದು ದಿನ ಮೇಲಿನಿಂದ ಕಾಗದ ಬಂತು. ಜಿಲ್ಲೆಯ ಚರಿತ್ರೆ ಬರೆಯುವವರಿದ್ದಾರೆ, ಹಳ್ಳಿಹಳ್ಳಿಯ ವೃದ್ಧರು ಕಂಡದ್ದು ಕೇಳಿದ್ದನ್ನು ಬರೆಸಿ ಕಳಿಸಿರಿ ಎಂದು. ಲಾವಣಿ, ಫಾಳೆ ಎಂದು ಕಂದಾಯದ ಲೆಕ್ಕದಲ್ಲಿ ಮುಳುಗಿದ್ದ ಕಚೇರಿಯಲ್ಲಿ ಈ ಉಸಾಬರಿ ಯಾರಿಗೂ ಬೇಡವಾಗಿತ್ತು. ನನ್ನ ಕೊರಳಿಗೆ ಬಿತ್ತು.

ನಮ್ಮ ಮೇಲಿನವರು ಅವ್ವಲ್ ಕಾರಕೂನರು, ಅಂದರೆ ಕಚೇರಿಯ ಗುಮಾಸ್ತರಿಗೆಲ್ಲ ಹಿರಿಯರು. ಹೆಸರು ಬೇಡ, ಹೋದವರು. ಮೂಗಿನ ತುದಿಗೆ ಕನ್ನಡಕ, ಬಲಗಡೆ ಕೆಂಪು ಮಸಿಯ ದೌತಿ. ಕೆಟ್ಟವರಲ್ಲ, ಆದರೆ ಕಾಯದೆಯ ಆಚೆ ಒಂದು ಹೆಜ್ಜೆ ಇಡುವವರಲ್ಲ. ಅವರು ನನಗೆ ಎರಡು ಮಾತು ಹೇಳಿದರು.

"ನೋಡಪಾ, ಒಬ್ಬರಿಗೆ ಒಂದ ಹಾಳಿ. ಮುದುಕರು ಸುರು ಮಾಡಿದ್ರ ಮುಗಸೂದಿಲ್ಲ. ಇನ್ನೊಂದು, ಚಾವಡ್ಯಾಗ ಇಬ್ಬರು ಪಂಚರನ್ನ ಸಾಕ್ಷಿಗೆ ಕೂಡಿಸಿ, ಬರದದ್ದನ್ನ ಗಟ್ಟಿಯಾಗಿ ಓದಿ ಹೇಳಿ, ಹೆಬ್ಬಟ್ಟ ಒತ್ತಿಸಬೇಕು. ಇಲ್ಲಂದ್ರ ಅದು ಜಬಾನಿ ಅಲ್ಲ, ಹರಟಿ."

ಜಬಾನಿ ಅಂದರೆ ಹೇಳಿಕೆ. ಹೊಲದ ತಕರಾರು, ಒಡ್ಡಿನ ಜಗಳಗಳಲ್ಲಿ ತೆಗೆದುಕೊಳ್ಳುವಂಥದ್ದು. ನೆನಪುಗಳನ್ನೂ ನಾವು ಒಡ್ಡಿನ ಜಗಳದಂತೆಯೇ ಬರೆದೆವು. ಕೊನೆಯ ಸಾಲು ಎಲ್ಲ ಹಾಳೆಗಳಿಗೂ ಒಂದೇ: "ಓದಿ ಹೇಳಲಾಯಿತು, ಕೇಳಿ ಸರಿ ಇದೆ ಎಂದು ಒಪ್ಪಿದ್ದಾರೆ."

ಮೊದಲು ಹೋದದ್ದು ನರಗುಂದಕ್ಕೆ. ಅಲ್ಲಿ ಒಬ್ಬ ಮುದುಕ, ಗುಡ್ಡದ ಮೇಲಿನ ಕೋಟೆ ಬಿದ್ದ ದಿನವನ್ನು ಎದ್ದು ನಿಂತು ಕೈಮಾಡಿ ವರ್ಣಿಸಿದ. ಕುದುರೆಯ ಬಣ್ಣ, ತೋಪಿನ ಹೊಗೆ ಯಾವ ಕಡೆ ಹೋಯಿತು, ಯಾವ ಓಣಿಯಲ್ಲಿ ಹೆಂಗಸರು ಅತ್ತರು, ಎಲ್ಲ. ನಾನು ಬೆರಳು ಎಣಿಸಿದೆ. ಅವನು ಹುಟ್ಟುವುದಕ್ಕೂ ಎಷ್ಟೋ ಮೊದಲಿನ ಮಾತು ಅದು.

"ಅಜ್ಜಾ, ನೀ ಆಗ ಹುಟ್ಟೇ ಇರಲಿಲ್ಲಲ್ಲೋ!"

"ಹುಟ್ಟಿದ್ದಿಲ್ಲ ಖರೇ. ಆದ್ರ ಕಣ್ಣಾರೆ ಕಂಡೀನಿ" ಎಂದ ಮುದುಕ, ಒಂದಿಷ್ಟೂ ಅಳುಕದೆ. "ನಮ್ಮಜ್ಜಿ ತೊಡಿ ಮ್ಯಾಲ ಕುಂತ ಕಂಡೀನಿ."

ಚಾವಡಿಯಲ್ಲಿದ್ದವರ ಮುಂದೆ ಅವನನ್ನು ನಗೆಪಾಟಲು ಮಾಡಿ ಬಂದೆ. ಆಗ ಅದು ಜಾಣತನ ಅನ್ನಿಸಿತ್ತು. ಅವನಿಗೆ ಮೂರೇ ಸಾಲು ಬರೆದೆ. ಅವ್ವಲ್ ಕಾರಕೂನರು ಓದಿ, "ಭಾಳ ಬಿಗಿ ಬರೀತೀ" ಎಂದರು. ಅವರ ಬಾಯಿಂದ ಹೊಗಳಿಕೆ ಬರುವುದು ಅಪರೂಪ. ಅಂದು ಹತ್ತಿದ ಆ ಬಿಗಿಯ ಚಟ ನನ್ನನ್ನು ಎಲ್ಲಿಗೆ ಒಯ್ದಿತು ಎನ್ನುವುದೇ ಈ ಕಥೆ.

ಎರಡನೆಯ ಪಾಠ ಗಜೇಂದ್ರಗಡದಲ್ಲಿ ಆಯಿತು. ಅಲ್ಲಿನ ಒಬ್ಬ ನೇಕಾರ ಮುದುಕನನ್ನು ಚಾವಡಿಗೆ ಕರೆಸಿದೆ. ಕೈ ತೊಡೆಯ ಮೇಲಿಟ್ಟುಕೊಂಡು ಕುಳಿತ. ಏನು ಕೇಳಿದರೂ "ಹೌದ್ರಿ", "ಇಲ್ರಿ", ಅಷ್ಟೇ. ಬೇಸತ್ತು ಬಿಟ್ಟುಬಿಟ್ಟೆ. ಮಧ್ಯಾಹ್ನ ಅವನ ಮನೆಯ ಮುಂದೆ ಹಾಯ್ದು ಹೋಗುವಾಗ ಒಳಗಿಂದ ಮಗ್ಗದ ಸಪ್ಪಳ ಕೇಳಿತು. ಇಣುಕಿದೆ. ಮುದುಕ ಮಗ್ಗದ ಕೆಳಗಿನ ಕುಣಿಯಲ್ಲಿ ಕಾಲು ಇಳಿಬಿಟ್ಟು, ಲಾಳಿ ಎಸೆಯುತ್ತ, ಪಕ್ಕದವನಿಗೆ ಹಳೆಯ ಬರಗಾಲದ ಸುದ್ದಿಯನ್ನು ಓತಪ್ರೋತವಾಗಿ ಹೇಳುತ್ತಿದ್ದ. ನನ್ನನ್ನು ಕಂಡು ನಕ್ಕ.

"ಕೈ ನಿಂತ್ರ ನನಗ ಬಾಯೀನೂ ನಿಲ್ತೈತ್ರಿ ಸಾಹೇಬ್ರ. ಇಲ್ಲೇ ಕುಂದರ್ರಿ, ಸಂಜಿ ಮಟಾ ಹೇಳ್ತೀನಿ."

ಅಂದಿನಿಂದ ನಾನು ಕೆಲಸದ ರೀತಿಯನ್ನೇ ಬದಲಿಸಿದೆ. ಮುದುಕರನ್ನು ಚಾವಡಿಗೆ ಕರೆಸುವುದು ಬಿಟ್ಟು ಅವರ ಕೆಲಸದ ಜಾಗಕ್ಕೇ ಹೋದೆ. ಹಗ್ಗ ಹೊಸೆಯುವವರ ಜೊತೆ ಹಗ್ಗ ಹಿಡಿದೆ. ರಾಜೂರಿನಲ್ಲಿ ಶೇಂಗಾ ಸುಲಿಯುತ್ತ ಕೇಳಿದೆ, ಉಗುರು ಬೆಂದವು. ಕೇಳಿದ್ದನ್ನೆಲ್ಲ ಒಂದು ಕಚ್ಚಾ ವಹಿಯಲ್ಲಿ ಅವರ ಮಾತಿನಲ್ಲೇ ಗೀಚಿಕೊಳ್ಳುತ್ತಿದ್ದೆ. ಆಮೇಲೆ ಅದನ್ನು ಹಿಂಡಿ ಹಿಂಡಿ ಒಂದು ಹಾಳೆಗೆ ಇಳಿಸಿ, ಚಾವಡಿಯಲ್ಲಿ ಓದಿ ಹೆಬ್ಬೆಟ್ಟು ಒತ್ತಿಸುತ್ತಿದ್ದೆ. ಕೇಳುವ ರೀತಿ ಹೊಸದಾಯಿತು, ಬರೆಯುವುದೂ ಓದುವುದೂ ಹಳೆಯದೇ ಉಳಿಯಿತು. ಮನೆಯೊಳಗೆ ಕೂತು ಆಡಿದ ಮಾತು ಬೇರೆ, ಚಾವಡಿಯಲ್ಲಿ ಕೇಳಿಸುವ ಮಾತು ಬೇರೆ ಎಂಬ ಅಷ್ಟು ಸಣ್ಣ ಸಂಗತಿ ನನ್ನ ತಲೆಗೆ ಹೊಳೆಯಲೇ ಇಲ್ಲ.

ಬೆಳವಣಕಿಗೆ ಹೋದಾಗ ಸುಗ್ಗಿ ಮುಗಿದಿತ್ತು. ಊರಿನ ಲೆಕ್ಕ ಬರೆಯುವ ತಲಾಠಿ ನನಗೆ ಗುರವ್ವನ ಹೆಸರು ಹೇಳಿದ. ಎಪ್ಪತ್ತರ ಮುದುಕಿ. ಗಂಡ ತೀರಿ ಬಹಳ ವರ್ಷವಾಗಿತ್ತು, ಹೊಟ್ಟೆಯಲ್ಲಿ ಮಕ್ಕಳಿರಲಿಲ್ಲ. ಗಂಡನ ತಮ್ಮ ಚನ್ನಪ್ಪನನ್ನು ಅವನು ಎರಡು ವರ್ಷದವನಿದ್ದಾಗಿನಿಂದ ಎತ್ತಿ ಆಡಿಸಿ, ಉಣಿಸಿ, ಮದುವೆ ಮಾಡಿದವಳು ಅವಳೇ. ಚನ್ನಪ್ಪ ಅವಳನ್ನು ಅತ್ತಿಗೆ ಅನ್ನುತ್ತಿರಲಿಲ್ಲ, ಯವ್ವಾ ಅನ್ನುತ್ತಿದ್ದ. ಮನೆಯಲ್ಲಿ ಹೆಂಡತಿ, ಸೊಸೆ ಇದ್ದರೂ ಅವನಿಗೆ ರೊಟ್ಟಿ ಬಡಿಯುವುದು ಗುರವ್ವನೇ ಆಗಬೇಕು. ಊರಲ್ಲಿ ಈ ಅವ್ವ ಮಗನ ಸಂಬಂಧವೆಂದರೆ ಒಂದು ಮಾತಾಗಿತ್ತು.

ನಾನು ಹೋದಾಗ ಗುರವ್ವ ಪಡಸಾಲೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ಮನೆಯಲ್ಲಿ ಮತ್ಯಾರೂ ಇರಲಿಲ್ಲ. ನಾನೂ ಒಂದು ಹಿಡಿ ಜೋಳ ಮುಂದೆ ಎಳೆದುಕೊಂಡು ಹರಳು ಆರಿಸುತ್ತ ಕುಳಿತೆ. ಮದುವೆ, ಬರ, ಶಾಲೆ ಇಲ್ಲದ ಕಾಲ, ಎಲ್ಲ ಹೇಳಿದಳು. ಪ್ಲೇಗಿನ ವರ್ಷದ ಮಾತು ಬಂದಾಗ ಮೊರ ನಿಂತಿತು.

"ಇದೆಲ್ಲಾ ಬರದು ಎಲ್ಲಿ ಕಳಸ್ತೀರಿ?"

"ಧಾರವಾಡಕ್ಕ ಹೋಗತೈತಿ ಅಜ್ಜಿ. ಅಲ್ಲಿಂದ ಮುಂಬೈಕ."

"ಭಾಳ ದೂರ ಹೋಗತೈತಿ ಅಂದಂಗಾತು." ಮೊರವನ್ನು ಬದಿಗಿಟ್ಟಳು. "ಹಂಗಾರ ಬರಕೋರಿ. ಐವತ್ತ ವರ್ಷ ಒಬ್ಬಾಕಿನ ಹೊತ್ತೀನಿ. ಯಾರ ಮುಂದೂ ಆಡಿಲ್ಲ. ದೂರ ಹೋದ್ರ ಚಲೋ."

ಅವಳು ಹೇಳಿದ್ದು ಇದು. ಊರಲ್ಲಿ ಇಲಿ ಸತ್ತು ಬಿದ್ದವು. ಜನ ಮನೆಗಳನ್ನು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಗುರವ್ವನ ಅತ್ತೆ ಆ ವಾರವೇ ಸತ್ತಿದ್ದಳು. ಹೊರಡುವ ದಿನ ಮುಂಜಾನೆ ನಾದಿನಿ ಬಸಮ್ಮನ ತೊಡೆಯ ಸಂದಿಯಲ್ಲಿ ಗಂಟು ಕಂಡಿತು. ಹತ್ತು ವರ್ಷದ ಹುಡುಗಿ. ಗಂಟು ಕಂಡವರಿರುವ ಮನೆಯವರನ್ನು ಯಾರೂ ಗುಡಿಸಲುಗಳ ಹತ್ತಿರಕ್ಕೆ ಬಿಡುತ್ತಿರಲಿಲ್ಲ. ಗುರವ್ವನ ಕಂಕುಳಲ್ಲಿ ಎರಡು ವರ್ಷದ ಚನ್ನಪ್ಪ. ಅವನನ್ನಾದರೂ ಉಳಿಸಿಕೊಳ್ಳಬೇಕೆಂದು ಮಾವ, ಮಗಳ ಹತ್ತಿರ ಒಂದು ಕೊಡ ನೀರು, ನಾಲ್ಕು ರೊಟ್ಟಿ ಇಟ್ಟು, ಹೊರಗಿನಿಂದ ಬೀಗ ಹಾಕಿಸಿದ. ರಾಜೂರಿನ ಸೋದರತ್ತೆಯ ಮನೆಗೆ ಕಳಿಸಿದೆವು ಎಂದು ಜನಕ್ಕೆ ಹೇಳಿದರು. ಆಮೇಲೆ, ಅಲ್ಲೇ ತೀರಿಕೊಂಡಳು ಎಂದರು.

"ಬೀಗ ಯಾರು ಹಾಕಿದ್ರು ಅಂತ ಬರೀಲಿ ಅಜ್ಜಿ?"

"ಯಾರಂದ್ರ? ನಾವ ಮನಿಯವ್ರು. ಹಿರ್ಯಾರ ಹೆಸರ ನಾ ಹಚ್ಚೂದಿಲ್ರಿ."

ಮರುದಿನ ಮಧ್ಯಾಹ್ನ ಸಗಣಿ ಆರಿಸುವ ನೆವ ಹೇಳಿ ಗುರವ್ವ ಖಾಲಿ ಊರಿಗೆ ಹಿಂದಿರುಗಿದ್ದಳು. ಬೀಗದ ಕೈ ಮಾವನ ಉಡಿದಾರದಲ್ಲಿ. ನಮ್ಮ ಕಡೆಯ ಮನೆಗಳೆಲ್ಲ ಮಣ್ಣಿನ ಮಾಳಿಗೆಯವು, ಒಂದಕ್ಕೊಂದು ಹತ್ತಿಕೊಂಡಿರುತ್ತವೆ, ಮೇಲೆ ಬೆಳಕಿಂಡಿ ಇರುತ್ತದೆ. ಹಿಂದಿನ ಮನೆಯ ಗೋಡೆ ಹತ್ತಿ ಮಾಳಿಗೆಗೆ ಹೋಗಿ, ಬೆಳಕಿಂಡಿಯ ಮೇಲಿನ ಕಲ್ಲು ಸರಿಸಿ ಕೂಗಿದಳು. ಒಳಗಿಂದ ಹುಡುಗಿ ಓಗೊಟ್ಟಿತು. ಚರಿಗೆಗೆ ಸೇದುವ ಹಗ್ಗ ಕಟ್ಟಿ ನೀರು ಇಳಿಸಿದಳು. ಹುಡುಗಿ ತೆವಳಿ ಬಂದು ಕುಡಿದು, ಖಾಲಿ ಚರಿಗೆಯನ್ನು ಅಲ್ಲಾಡಿಸಿ ಸೂಚನೆ ಕೊಟ್ಟಿತು. ಮೂರು ದಿನ ಹೀಗೇ ನಡೆಯಿತು. ಗುರವ್ವ ಮಾಳಿಗೆಯ ಮೇಲೆ ಬಿಸಿಲಲ್ಲಿ ಬೋರಲು ಮಲಗಿ, ಕಿಂಡಿಯಲ್ಲಿ ಮುಖವಿಟ್ಟು ಮಾತಾಡಿಸುತ್ತಿದ್ದಳು.

"ನಾಕನೇ ದಿನ ಚರಗಿ ಇಳಿಸಿದೆ. ಎಷ್ಟ ಹೊತ್ತಾದ್ರೂ ಹಗ್ಗ ಅಳ್ಳಾಡಲಿಲ್ಲ. ಮ್ಯಾಲ ಎಳದೆ. ತುಂಬಿದ ಚರಗಿ ಹಂಗ ಬಂತ್ರಿ."

ಮಾವ ಬಂದು ಹಿತ್ತಲಲ್ಲೇ ಮಣ್ಣು ಮಾಡಿದನಂತೆ. ನಾನು ಕಚ್ಚಾ ವಹಿಯಲ್ಲಿ ಒಂದು ಅಕ್ಷರ ಬಿಡದೆ ಗೀಚಿಕೊಂಡೆ. ಕಣ್ಣು ತುಂಬಿದ್ದವು, ಸುಳ್ಳು ಹೇಳುವುದಿಲ್ಲ. ಆದರೆ ಎದ್ದು ಹೊರಬೀಳುವಷ್ಟರಲ್ಲಿ ಒಳಗೊಳಗೇ ಹಿಗ್ಗಿದ್ದೆ. ಇಂಥ ಜಬಾನಿ ಜಿಲ್ಲೆಯಲ್ಲೇ ಯಾರಿಗೂ ಸಿಕ್ಕಿರಲಿಕ್ಕಿಲ್ಲ ಎಂದು.

ಹಾಳೆಗೆ ಇಳಿಸುವಾಗ ನನ್ನ ಬಿಗಿ ಕೈ ಓಡಿತು. ಇಲಿ ಬಿದ್ದದ್ದು, ಜನ ಊರು ಬಿಟ್ಟದ್ದು, ಎಷ್ಟು ಮನೆ ಖಾಲಿಯಾದವು, ಇವೆಲ್ಲ ಚರಿತ್ರೆಗೆ ಬೇಕಾದವು, ಅರ್ಧ ಹಾಳೆ ಹಿಡಿದವು. ಮದುವೆ, ಬರದ ಸುದ್ದಿಗೆ ಒಂದಿಷ್ಟು ಜಾಗ. ಕೆಳಗೆ ಉಳಿದ ನಾಲ್ಕು ಸಾಲಿನಲ್ಲಿ ಬರೆದೆ: "ನಾದಿನಿ ಬಸಮ್ಮನಿಗೆ ರೋಗ ಕಂಡಿತು. ನಾವು ಮನೆಯವರು ಆಕೆಯನ್ನು ಒಳಗಿಟ್ಟು ಬೀಗ ಹಾಕಿ ಹೊಲಕ್ಕೆ ಹೋದೆವು. ರಾಜೂರಿಗೆ ಕಳಿಸಿದೆವೆಂದು ಹೇಳಿದೆವು. ನಾಲ್ಕನೆಯ ದಿನ ಸತ್ತಳು." ಚರಿಗೆಗೆ, ಹಗ್ಗಕ್ಕೆ, ಮಾಳಿಗೆಗೆ ಜಾಗ ಇರಲಿಲ್ಲ.

ಎರಡು ದಿನ ಬಿಟ್ಟು ಚಾವಡಿಯಲ್ಲಿ ಓದಿಕೆ. ತಲಾಠಿ ಇಬ್ಬರು ಪಂಚರನ್ನು ಕರೆಸಿ ಕೂಡಿಸಿದ್ದ. ಒಬ್ಬರು ಪಾಟೀಲರ ಮನೆಯವರು. ಇನ್ನೊಬ್ಬ, ಹಳದಿ ರುಮಾಲಿನ ಗಟ್ಟಿ ಆಳು, ಐವತ್ತು ದಾಟಿದವನು. "ನಮ್ಮ ಚನ್ನಪ್ಪಗೌಡ್ರು" ಎಂದ ತಲಾಠಿ. ಊರಲ್ಲಿ ಐದಾರು ಚನ್ನಪ್ಪಂದಿರು. ನಾನು ಕೇಳಲಿಲ್ಲ. ಗುರವ್ವನನ್ನು ಚಾವಡಿಯ ಆಳು ವಾಲೀಕಾರ ಕರೆದುಕೊಂಡು ಬಂದ. ಹೆಬ್ಬೆಟ್ಟು ಒತ್ತುವುದಷ್ಟೇ ಎಂದು ಅವಳಿಗೆ ಹೇಳಿದ್ದನಂತೆ. ಮೆಟ್ಟಿಲ ಬಳಿ ಸೆರಗು ಹೊದ್ದು ಕುಳಿತಳು.

ನಾನು ಗಂಟಲು ಸರಿಮಾಡಿಕೊಂಡು ಓದಿದೆ. ಓದುವುದರಲ್ಲಿಯೂ ನನಗೆ ಹೆಮ್ಮೆ ಇತ್ತು. ಬಸಮ್ಮನ ಹೆಸರು ಬಂದಾಗ ಮೆಟ್ಟಿಲ ಕಡೆಯಿಂದ "ಸಾಹೇಬ್ರ" ಎಂದು ಸಣ್ಣ ದನಿ ಕೇಳಿತು. ನಾನು ನಿಲ್ಲಿಸಲಿಲ್ಲ. ಓದುವಾಗ ನಡುವೆ ನಿಲ್ಲಿಸುವ ಪದ್ಧತಿ ಇರಲಿಲ್ಲ. ಕೊನೆಯ ಸಾಲು ಮುಗಿಸಿ ತಲೆಯೆತ್ತಿದರೆ ಹಳದಿ ರುಮಾಲಿನವನ ಮುಖ ಬೂದಿಯಾಗಿತ್ತು. ಆಗ ನನಗೆ ತಿಳಿಯಿತು.

ಅವನು ಅವಳ ಕಡೆ ತಿರುಗಿದ. "ಬೀಗಾ ಹಾಕಿದಾಗ ನೀನೂ ಅಲ್ಲೇ ಇದ್ದೇನು?"

"ಇದ್ದೆ."

"ರಾಜೂರ ಹಾದ್ಯಾಗ ಹೋದಾಗೊಮ್ಮೆ ಮಣ್ಣಿಗಿ ಕೈ ಮುಗದೀನಿ. ನಮ್ಮಕ್ಕ ಇಲ್ಲೇ ಎಲ್ಲೋ ಅದಾಳ ಅಂತ. ನೀ ನೋಡಿದಿ. ಸುಮ್ಮನಿದ್ದಿ."

ಗುರವ್ವ ಸೆರಗನ್ನು ಮುಂದಕ್ಕೆ ಎಳೆದುಕೊಂಡಳು. ನಾನು ಪದ್ಧತಿಯಂತೆ ಕೇಳಿದೆ, ದೇವರೇ, ಆಗಲೂ ಪದ್ಧತಿಯಂತೆ ಕೇಳಿದೆ: "ಅಜ್ಜಿ, ಬರದದ್ದು ಸರಿ ಐತೇನು?"

ಅವಳು ನನ್ನ ಮುಖ ನೋಡಿದಳು. ಹಾಳೆಯಲ್ಲಿ ಮಾಳಿಗೆ ಇಲ್ಲ ಎಂದು ಅವಳಿಗೆ ಗೊತ್ತಾಗಿತ್ತು. "ಬರದದ್ದು ಖರೇ ಐತ್ರಿ" ಎಂದು ಹೆಬ್ಬೆಟ್ಟು ಚಾಚಿದಳು. ಚನ್ನಪ್ಪ ಕೆಳಗೆ ಸಹಿ ಮಾಡಿ, ಕಾಲ್ಮರಿ ಮೆಟ್ಟಿಕೊಂಡು, ಹಿಂದಿರುಗಿ ನೋಡದೆ ಹೋದ.

ಹಾಳೆ ರೋಣಕ್ಕೆ ಬಂತು. ಅವ್ವಲ್ ಕಾರಕೂನರು ಓದಿ, ಕೊನೆಯ ನಾಲ್ಕು ಸಾಲಿನ ಮೇಲೆ ಕೆಂಪು ಗೀಟು ಎಳೆದರು. ಪಕ್ಕದಲ್ಲಿ ಬರೆದರು: "ಮನೆಯ ಮಾತು. ಚರಿತ್ರೆಯಲ್ಲ." ಒಂದು ಮನೆಯನ್ನು ಒಡೆದ ಆ ನಾಲ್ಕು ಸಾಲು ಧಾರವಾಡಕ್ಕೂ ಹೋಗಲಿಲ್ಲ. ಅವಳು ಬೇಡಿಕೊಂಡದ್ದು ದೂರ ಹೋಗಲಿ ಎಂದು. ನಾನು ಅದನ್ನು ಓದಿದ್ದು ಅವಳ ಮನೆಯಿಂದ ನೂರು ಹೆಜ್ಜೆಯಲ್ಲಿ.

ಮಳೆಗಾಲ ಕಳೆದ ಮೇಲೆ ಬೇರೆ ಕೆಲಸಕ್ಕೆ ಬೆಳವಣಕಿಗೆ ಹೋದಾಗ ಧೈರ್ಯ ಮಾಡಿ ಗುರವ್ವನನ್ನು ಕಂಡೆ. ಚನ್ನಪ್ಪ ಅದೇ ಮನೆಯಲ್ಲಿದ್ದ. ಆದರೆ ಚಾವಡಿಯ ದಿನದಿಂದ ಅವಳ ಕೈಯ ರೊಟ್ಟಿ ಮುಟ್ಟಿರಲಿಲ್ಲ, ಯವ್ವಾ ಎಂದಿರಲಿಲ್ಲ. ಅವನು ಬಂದರೆ ಅವಳು ಒಳಗೆ ಸರಿಯುತ್ತಿದ್ದಳು. ನಾನು ಅವಳ ಕಾಲು ಹಿಡಿಯಲು ಹೋದೆ, ಹಿಂದಕ್ಕೆ ಸರಿದಳು.

"ಮಾಳಿಗಿ ಮ್ಯಾಲಿಂದು ನಾ ಅಂವಗ ಹೇಳ್ತೀನಿ ಅಜ್ಜಿ. ಎಲ್ಲಾ ನನ್ನ ವಹಿಯೊಳಗ ಐತಿ."

"ಬ್ಯಾಡ್ರಿ. ನೀರ ಕೊಟ್ಟೆ, ಖರೇ. ಬೀಗ ಒಡೀಲಿಲ್ಲಲ್ರಿ ನಾ. ಈಗ ಅದನ್ನ ಹೇಳಿದ್ರ, ನಾ ಒಳ್ಳ್ಯಾಕಿ, ಸತ್ತ ಮಾವನವರು ಕೆಟ್ಟವ್ರು ಅಂದಂಗ ಆಗತೈತಿ."

ಅವಳು ಬೇಡವೆಂದಳು, ನಾನು ಸುಮ್ಮನಾದೆ. ಹೀಗೆ ಬರೆದರೆ ಅವಳ ಮಾತಿಗೆ ಮರ್ಯಾದೆ ಕೊಟ್ಟಂತೆ ಕಾಣುತ್ತದೆ. ಖರೇ ಹೇಳಬೇಕೆಂದರೆ, ಚನ್ನಪ್ಪನ ಹೊಲ ನಾನು ಮೋಟಾರು ಹತ್ತುವ ಹಾದಿಯಲ್ಲೇ ಇತ್ತು. ಅವನು ಅಲ್ಲಿ ಕುಂಟೆ ಹೊಡೆಯುತ್ತಿದ್ದುದನ್ನು ಕಂಡೆ. ಅವನ ಮುಖ ನೋಡುವ ಎದೆ ನನಗೆ ಇರಲಿಲ್ಲ. ಅಷ್ಟೇ.

ನನಗೆ ನರಗುಂದಕ್ಕೆ ವರ್ಗವಾಯಿತು. ಎರಡು ವರ್ಷ ಕಳೆದಿರಬೇಕು. ಒಂದು ಮುಂಜಾನೆ ಕಚೇರಿ ತೆರೆದು ಕೂತಿದ್ದಾಗ ಹಳದಿ ರುಮಾಲು ಬಾಗಿಲಲ್ಲಿ ಕಂಡಿತು. ಒಳಗೆ ಬಂದು ರುಮಾಲು ತೆಗೆದ, ತಲೆ ಬೋಳಾಗಿತ್ತು. ಅದನ್ನು ಕಂಡು, ಗುರವ್ವ ಹೋದಳೆಂದು ಅವನು ಹೇಳುವ ಮೊದಲೇ ತಿಳಿದುಕೊಂಡೆ. ಬಗಲಲ್ಲಿದ್ದ ಚೀಲದಿಂದ ಒಂದು ಗಂಟು ತೆಗೆದು ನನ್ನ ಮೇಜಿನ ಮೇಲೆ ಬಿಚ್ಚಿದ. ಹಿತ್ತಾಳೆಯ ಚರಿಗೆ. ಕೊರಳಿಗೆ ಕಟ್ಟಿದ ಹಗ್ಗ ಮುಟ್ಟಿದರೆ ಪುಡಿಯಾಗುವಷ್ಟು ಹಳೆಯದು.

"ಅಕೀ ಟ್ರಂಕಿನ್ಯಾಗ ಇತ್ರಿ. ಮದವಿ ಸೀರಿಯಾಗ ಸುತ್ತಿ ಇಟ್ಟಿದ್ಲು. ಇದನ್ಯಾಕ ಇಟ್ಟಿದ್ಲು ಅಂತ ಮನ್ಯಾಗ ಯಾರಿಗೂ ಗೊತ್ತಿಲ್ಲ. ನಿಮ್ಮ ಕಾಗದದಾಗ ಏನರ ಬರಸ್ಯಾಳೇನ್ರಿ?"

ಕಚ್ಚಾ ವಹಿ ನನ್ನ ಪೆಟ್ಟಿಗೆಯಲ್ಲಿತ್ತು. ರೋಣದಿಂದ ಬರುವಾಗ ಅದನ್ನು ಬಿಟ್ಟು ಬರಲು ಮನಸ್ಸಾಗಿರಲಿಲ್ಲ. ತೆಗೆದು ಓದಿದೆ. ಈ ಸಲ ಗಂಟಲು ಸರಿಮಾಡಿಕೊಳ್ಳಲಿಲ್ಲ. ಮಾಳಿಗೆ ಹತ್ತಿದ್ದು, ಕಲ್ಲು ಸರಿಸಿದ್ದು, ಚರಿಗೆ ಇಳಿಸಿದ್ದು, ಬಿಸಿಲಲ್ಲಿ ಬೋರಲು ಮಲಗಿದ್ದು. ಚನ್ನಪ್ಪ ಚರಿಗೆಯ ಮೇಲೆ ಕೈಯಿಟ್ಟು ಕೂತಿದ್ದ. ಮೂರನೆಯ ದಿನದ ಸಾಲುಗಳಿಗೆ ಬಂದೆ. ಗುರವ್ವ ಆಡಿದಂತೆಯೇ ಬರೆದುಕೊಂಡಿದ್ದೆ:

"ಅವತ್ತ ದನಿ ಸಣ್ಣಾಗಿತ್ತು. ಅತ್ತಿಗಿ, ಚನ್ನ್ಯಾನ್ನ ಈ ಕಡೆ ತರಬ್ಯಾಡ ಅಂದ್ಲು. ನಾ ನೆನಸಿದೆ ಅಂತ ಅಂವಗ ಹೇಳಬ್ಯಾಡ, ಅಳ್ತಾನ. ಅಂವಗ ಬಿಸಿ ರೊಟ್ಟಿ ಬೇಕು, ಆರಿದ್ದ ಉಣ್ಣೂದಿಲ್ಲ. ಇನ್ಮ್ಯಾಲ ನೀನ ಅಂವಗ ಅವ್ವ ಆಗು ಅಂದ್ಲು. ಆಗತೀನಿ ಅಂದೆ."

ಚನ್ನಪ್ಪ ಚರಿಗೆಯನ್ನು ಹತ್ತಿರಕ್ಕೆ ಎಳೆದುಕೊಂಡ. ಆಮೇಲೆ, "ಯವ್ವಾ" ಎಂದ. ಕಚೇರಿಯಲ್ಲಿದ್ದವರೆಲ್ಲ ಬರವಣಿಗೆ ನಿಲ್ಲಿಸಿ ನೋಡಿದರು. ಅಷ್ಟು ದೊಡ್ಡ ಆಳು ಮೇಜಿಗೆ ಹಣೆ ಹಚ್ಚಿ ಅತ್ತ. ಅತ್ತು ಮುಗಿದ ಮೇಲೆ ರುಮಾಲಿನ ಸೆರಗಿನಿಂದ ಮುಖ ಒರೆಸಿಕೊಂಡು, ಸಿಟ್ಟಿಲ್ಲದೆ, ತಿಳಿಯಬೇಕೆಂದಷ್ಟೇ ಕೇಳಿದ.

"ಇದನ್ನ ಅವತ್ತ ಚಾವಡ್ಯಾಗ ಯಾಕ ಓದಲಿಲ್ರಿ ಸಾಹೇಬ್ರ?"

"ಹಾಳಿ ಮುಗದಿತ್ತ್ರಿ" ಎಂದೆ.